ಜ್ವರ, ನಡನೋವು ಮತ್ತು ಮಹಾಧಮನಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಲ್ಲಿ ವಾರವಾದರೂ ಜ್ವರ ಬಿಡದಿದ್ದರೆ ಜನ ಟೈಫಾಯ್ಡ್ ಎನ್ನುತ್ತಾರೆ, ನಡನೋವು ಬಂದರೆ ದುಡಿಮೆಯ ನೋವು ಎನ್ನುತ್ತಾರೆ. ವೈದ್ಯರ ಬಾಯಲ್ಲೂ ಹೆಚ್ಚುಕಡಿಮೆ ಇದೇ ಮಾತು. ಬಹಳ ಸಲ ಅದು ಸರಿಯೂ ಹೌದು. ಪರ್ಸಿ ಕಲ್ಲಿನ ಗಣಿಯಲ್ಲಿ ಹಾಸು ಎಬ್ಬಿಸುವವರಿಗೆ, ಸಿಮೆಂಟ್ ಚೀಲ ಹೊರುವ ಹಮಾಲರಿಗೆ, ತೊಗರಿ ರಾಶಿಯಲ್ಲಿ ದಿನಗಟ್ಟಲೆ ಬಗ್ಗಿ ಏಳುವವರಿಗೆ ನಡ ನೋಯದೆ ಇರುತ್ತದೆಯೇ? ಆದರೆ ಐವತ್ತು ದಾಟಿದ, ಬೀಡಿಯ ಚಟವಿರುವ, ಸಕ್ಕರೆ ಕಾಯಿಲೆಯೂ ಜೊತೆಗಿರುವ ಒಬ್ಬರಿಗೆ ಜ್ವರ ಮತ್ತು ನಡನೋವು ಎರಡೂ ಒಟ್ಟಿಗೆ ಬಂದು, ಇಂಜೆಕ್ಷನ್ನಿಗೆ ಜಗ್ಗಿದಂತೆ ಮಾಡಿ ಮತ್ತೆ ಮರುಕಳಿಸಿದರೆ, ಈ ಎರಡು ಪರಿಚಿತ ಉತ್ತರಗಳ ಮರೆಯಲ್ಲಿ ಇನ್ನೊಂದು ರೋಗ ಇರಬಹುದು. ಹೃದಯದಿಂದ ಹೊರಟು ಎದೆ, ಹೊಟ್ಟೆಗಳ ಹಿಂಭಾಗದಲ್ಲಿ ಬೆನ್ನುಮೂಳೆಗೆ ಆತುಕೊಂಡು ಇಳಿಯುವ ಮಹಾಧಮನಿಯ ಗೋಡೆಗೆ ಬ್ಯಾಕ್ಟೀರಿಯಾ ಹತ್ತಿ, ಅದು ಕೊಳೆತು, ಉಬ್ಬಿ, ಕೊನೆಗೆ ಒಡೆಯುವ ರೋಗ ಅದು. ಅಪರೂಪದ್ದು, ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೆಚ್ಚಿನಂಶ ಸಾವೇ ಗತಿ. ಇದರ ಚಿಕಿತ್ಸೆ ಎಂದಾಕ್ಷಣ ಎಲ್ಲರ ಕಣ್ಣು ಹೈದರಾಬಾದಿನ, ಬೆಂಗಳೂರಿನ ಶಸ್ತ್ರಚಿಕಿತ್ಸಾ ಕೊಠಡಿಗಳ ಕಡೆ ಹೋಗುತ್ತದೆ. ಲಭ್ಯವಿರುವ ಆಧಾರಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ರೋಗಿ ಬದುಕುತ್ತಾನೋ ಇಲ್ಲವೋ ಎಂಬುದರ ಬಹುಪಾಲು ತೀರ್ಮಾನ ಆಗಿಹೋಗುವುದು ಜ್ವರದ ಮೊದಲ ವಾರದಲ್ಲಿ, ತಾಲ್ಲೂಕಿನ ದವಾಖಾನೆಯಲ್ಲಿ, ಮೊದಲ ಆಂಟಿಬಯಾಟಿಕ್ ಚುಚ್ಚುವ ಮುಂಚಿನ ಕೆಲವು ನಿಮಿಷಗಳಲ್ಲಿ.

ರೋಗ ಹೇಗೆ ಹುಟ್ಟುತ್ತದೆ ಎಂಬುದರಿಂದ ಶುರುಮಾಡೋಣ. ಆರೋಗ್ಯವಂತ ಮಹಾಧಮನಿಯ ಒಳಪದರ ನುಣುಪಾಗಿರುತ್ತದೆ. ರಕ್ತ ವೇಗವಾಗಿ ಹರಿಯುವ ಅಲ್ಲಿ ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳಲು ನೆಲೆ ಸಿಗುವುದಿಲ್ಲ. ವಯಸ್ಸು, ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ, ಅದು ಬಿರಿದು, ಸುಣ್ಣಗಟ್ಟಿದ ಜಾಗಗಳಾದ ಮೇಲೆ ಮಾತು ಬದಲಾಗುತ್ತದೆ. ಕರುಳಿನಿಂದಲೋ, ಚರ್ಮದ ಹುಣ್ಣಿನಿಂದಲೋ, ಹಲ್ಲಿನ ಬೇರಿನಿಂದಲೋ ರಕ್ತಕ್ಕೆ ಸೇರಿದ ಸೂಕ್ಷ್ಮಜೀವಿ ಆ ಬಿರುಕಿನಲ್ಲಿ ನೆಲೆ ಹಿಡಿಯುತ್ತದೆ. ಇದು ಒಂದು ದಾರಿ, ಈಗ ಅತಿ ಹೆಚ್ಚು ಕಾಣುವ ದಾರಿ. ಇನ್ನೊಂದು ದಾರಿ ಹೃದಯದ ಕವಾಟದ ಸೋಂಕಿನದು: ಕವಾಟದ ಮೇಲೆ ಬೆಳೆದ ಸೋಂಕಿನ ತುಣುಕುಗಳು ಹಾರಿಬಂದು ಧಮನಿಯ ಗೋಡೆಯೊಳಗಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. 1885ರಲ್ಲಿ ವಿಲಿಯಂ ಆಸ್ಲರ್ ಲಂಡನ್ನಿನ ತಮ್ಮ ಉಪನ್ಯಾಸಗಳಲ್ಲಿ ವಿವರಿಸಿದ್ದು ಈ ಬಗೆಯನ್ನೇ. ಮೂರನೆಯದು ನೆರೆಯಿಂದ ಹಬ್ಬುವುದು: ಬೆನ್ನುಮೂಳೆಯ ಅಥವಾ ಪಕ್ಕದ ಗ್ರಂಥಿಯ ಸೋಂಕು ನೇರವಾಗಿ ಧಮನಿಯ ಹೊರಗೋಡೆಯನ್ನು ತಿನ್ನುತ್ತದೆ. ಪೆನ್ಸಿಲಿನ್ ಬರುವ ಮುಂಚೆ ಎದೆಯ ಭಾಗದ ಮಹಾಧಮನಿಯನ್ನು ಹಾಳುಮಾಡುತ್ತಿದ್ದ ಮುಖ್ಯ ಸೋಂಕು ಸಿಫಿಲಿಸ್. ಸೋಂಕು ತಗಲಿದ ಹತ್ತು ಇಪ್ಪತ್ತು ವರ್ಷಗಳ ಮೇಲೆ ಧಮನಿ ಉಬ್ಬುತ್ತಿತ್ತು. ಅದು ಈಗ ವಿರಳ. ಇಂದು ಎದುರಾಗುವುದು ದಿನಗಳ, ವಾರಗಳ ಲೆಕ್ಕದಲ್ಲಿ ಗೋಡೆಯನ್ನು ಕರಗಿಸುವ ಸಾಲ್ಮೊನೆಲ್ಲಾ ಮತ್ತು ಸ್ಟ್ಯಾಫಿಲೊಕಾಕಸ್ ಆರಿಯಸ್. ಯುರೋಪ್, ಅಮೆರಿಕಗಳ ವರದಿಗಳಲ್ಲಿ ಸ್ಟ್ಯಾಫಿಲೊಕಾಕಸ್ ಮುಂದಿದೆ. ತೈವಾನ್ ಮೊದಲಾದ ಪೂರ್ವ ಏಷ್ಯಾದ ಕಡೆ ಸಾಲ್ಮೊನೆಲ್ಲಾ ಮುಂದಿದೆ. ಅಲ್ಲಿ ರೋಗದ ಪ್ರಮಾಣವೂ ಹೆಚ್ಚು.

ನಮ್ಮ ಸೀಮೆಗೆ ಈ ಪಟ್ಟಿ ಸಾಲದು, ಯಾಕೆಂದರೆ ಇಲ್ಲಿಯ ಬದುಕು ಕುರಿ, ಮೇಕೆ, ದನಗಳ ಜೊತೆಗಿನ ಬದುಕು. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕಂದು ಹಾಕಿದ ದನ, ಕುರಿಗಳಿಂದ, ಕಾಯಿಸದ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಇದು ಪುಸ್ತಕದಲ್ಲಷ್ಟೇ ಇರುವ ರೋಗವಲ್ಲ ಎನ್ನಲು ಬಹಳ ದೂರ ಹುಡುಕಬೇಕಿಲ್ಲ. ನಮ್ಮ ಮಗ್ಗುಲಿನ ವಿಜಯಪುರದಲ್ಲಿ ಬಿ.ಜಿ. ಮಂಟೂರ ಮತ್ತು ಅವರ ಸಂಗಡಿಗರು 16 ವರ್ಷಗಳ ಅನುಭವವನ್ನು ಒಟ್ಟುಗೂಡಿಸಿ, 495 ವಯಸ್ಕ ಬ್ರುಸೆಲ್ಲಾ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಜ್ವರ, ಕೀಲುನೋವು, ಬೆನ್ನುನೋವು ಎಂದು ಬಂದ ಇಂಥವರು ಬೇರೆ ಯಾವ ಯಾವುದೋ ರೋಗದ ಹೆಸರಿನಲ್ಲಿ ಅಲೆದಾಡುವುದು ಎಷ್ಟು ಸುಲಭ ಎಂಬುದನ್ನು ಆ ಬರಹ ತೋರಿಸುತ್ತದೆ. ಈ ಕೆಲಸಕ್ಕೆ ನಾವು ಇನ್ನೂ ಸಲ್ಲಬೇಕಾದಷ್ಟು ಗೌರವ ಸಲ್ಲಿಸಿಲ್ಲ ಎಂದೇ ನನ್ನ ಭಾವನೆ. ಹುಡುಕಿದವರಿಗೆ ರೋಗ ಸಿಗುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬ್ರುಸೆಲ್ಲಾ ಮಹಾಧಮನಿಗೆ ಹತ್ತುವುದು ವಿರಳ. ಹತ್ತಿದಾಗ ಎದೆಯ ಭಾಗದಲ್ಲಾದರೆ ಬಹುತೇಕ ಕವಾಟದ ಸೋಂಕಿನಿಂದ, ಹೊಟ್ಟೆಯ ಭಾಗದಲ್ಲಾದರೆ ಬಹುತೇಕ ಬೆನ್ನುಮೂಳೆಯ ಸೋಂಕಿನಿಂದ ಬಂದಿರುತ್ತದೆ. ಕುರಿ ಮೇಕೆಗಳಿಂದಲೇ ಬರುವ ಕ್ಯೂ ಜ್ವರದ ಕಾಕ್ಸಿಯೆಲ್ಲಾ ಕೂಡ ಹಾಗೆಯೇ ಸದ್ದಿಲ್ಲದೆ ತಿಂಗಳುಗಟ್ಟಲೆ ಧಮನಿಯಲ್ಲಿ ಉಳಿಯಬಲ್ಲದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಧಮನಿಗೆ ಹಬ್ಬುವುದನ್ನೂ ಮರೆಯುವಂತಿಲ್ಲ. ಕರಾವಳಿಯ ಕಡೆ, ಉಡುಪಿ, ಮಣಿಪಾಲದ ವೈದ್ಯರು ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯವರಲ್ಲಿ ಕಾಣುವ ಮೆಲಿಯೊಯ್ಡೋಸಿಸ್ ಎಂಬ ಸೋಂಕು ಕೂಡ ಧಮನಿಯನ್ನು ಉಬ್ಬಿಸುತ್ತದೆ. ಕೂಲಿಗೆಂದು ಆ ಕಡೆ ಹೋಗಿ ಬರುವವರ ವಿಷಯದಲ್ಲಿ ಅದನ್ನೂ ನೆನಪಿಡಬೇಕು.

ಇಷ್ಟೊಂದು ಸೂಕ್ಷ್ಮಜೀವಿಗಳ ಹೆಸರು ಹೇಳಿದ್ದಕ್ಕೆ ಕಾರಣವಿದೆ. ಇವುಗಳ ಮದ್ದು ಒಂದೇ ಅಲ್ಲ. ಸಾಲ್ಮೊನೆಲ್ಲಾಕ್ಕೆ ಸೆಫ್ಟ್ರಿಯಾಕ್ಸೋನ್ ನಡೆದೀತು. ಬ್ರುಸೆಲ್ಲಾಕ್ಕೆ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಮತ್ತು ಅದರೊಡನೆ ಇನ್ನೊಂದು ಔಷಧ ತಿಂಗಳುಗಟ್ಟಲೆ ಬೇಕು. ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್‌ಗೆ ವ್ಯಾಂಕೊಮೈಸಿನ್ ಬೇಕು. ಕ್ಷಯಕ್ಕೆ ಬೇರೆಯದೇ ದಾರಿ. ಸೂಕ್ಷ್ಮಜೀವಿಯ ಹೆಸರು ಗೊತ್ತಿಲ್ಲದೆ ಕೊಡುವ ಚಿಕಿತ್ಸೆ ಅಂದಾಜಿನ ಚಿಕಿತ್ಸೆ. ಹೆಸರು ತಿಳಿಯಲು ಇರುವ ಮುಖ್ಯ ದಾರಿ ರಕ್ತದ ಕಲ್ಚರ್, ಅಂದರೆ ರಕ್ತವನ್ನು ಬಾಟಲಿಯಲ್ಲಿಟ್ಟು ಅದರಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ. ನಮ್ಮ ತಾಲ್ಲೂಕುಗಳಲ್ಲಿ ಆ ಜಾಗವನ್ನು ವಿಡಾಲ್ ಪರೀಕ್ಷೆ ಆಕ್ರಮಿಸಿಕೊಂಡಿದೆ. ಫರ್ನಾಂ ವಿಡಾಲ್ 1896ರಲ್ಲಿ ಪ್ಯಾರಿಸ್‌ನಲ್ಲಿ ರೂಪಿಸಿದ ಪರೀಕ್ಷೆ ಅದು. ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು ಹುಡುಕುತ್ತದೆ. ಟೈಫಾಯ್ಡ್ ಸಾಮಾನ್ಯವಾದ ಊರಿನಲ್ಲಿ ಹಿಂದೆಂದೋ ಬಂದು ಹೋದ ಸೋಂಕಿಗೂ ಅದು ಪಾಸಿಟಿವ್ ಬರಬಹುದು. ಇನ್ನೂ ಕೆಟ್ಟ ಮಾತೆಂದರೆ, ಮಹಾಧಮನಿಯನ್ನು ಹೆಚ್ಚಾಗಿ ಹಿಡಿಯುವ ಟೈಫಾಯ್ಡೇತರ ಸಾಲ್ಮೊನೆಲ್ಲಾಗಳಲ್ಲಿ ಕೆಲವು, ಉದಾಹರಣೆಗೆ ಎಂಟರೈಟಿಡಿಸ್, ಟೈಫಾಯ್ಡ್ ರೋಗಾಣುವಿನ ಮೈಮೇಲಿನ ಗುರುತುಗಳನ್ನೇ ಹೊತ್ತಿರುತ್ತವೆ. ಹಾಗಾಗಿ ಧಮನಿ ಕೊಳೆಯುತ್ತಿರುವ ರೋಗಿಗೂ ವಿಡಾಲ್ ಚೀಟಿಯಲ್ಲಿ ‘ಟೈಫಾಯ್ಡ್ ಪಾಸಿಟಿವ್’ ಎಂದು ಬರಬಲ್ಲದು. ಮನೆಯವರಿಗೆ ಸಮಾಧಾನವಾಗುತ್ತದೆ, ಐದು ದಿನ ಸಲೈನಿನಲ್ಲಿ ಇಂಜೆಕ್ಷನ್ ಹೋಗುತ್ತದೆ, ಜ್ವರ ಇಳಿಯುತ್ತದೆ. ಗೋಡೆಯೊಳಗಿನ ಸೋಂಕು ಮಾತ್ರ ಹಾಗೆಯೇ ಉಳಿಯುತ್ತದೆ. ಎರಡು ವಾರ ಕಳೆದು ಜ್ವರ ಮರಳಿ ಬಂದಾಗ ಅರ್ಧಂಬರ್ಧ ಔಷಧ ಕಂಡ ರಕ್ತದಲ್ಲಿ ಕಲ್ಚರ್ ಮಾಡಿದರೂ ಏನೂ ಬೆಳೆಯದೆ ಇರಬಹುದು. ರೋಗಾಣುವಿನ ಹೆಸರು ತಿಳಿಯುವ ಬಾಗಿಲು ಮುಚ್ಚುವುದು ಹೀಗೆ.

ಮೊದಲ ಆಂಟಿಬಯಾಟಿಕ್ ಚುಚ್ಚುವ ಮುಂಚೆಯೇ ಕಲ್ಚರಿಗೆ ರಕ್ತ ತೆಗೆಯಬೇಕು ಎಂಬ ಮಾತಿಗೆ ಬರುವ ಆಕ್ಷೇಪಗಳು ಹಗುರವಲ್ಲ. ಮೊದಲನೆಯದು: ನಡುಗುತ್ತ ಬಂದ ರೋಗಿಗೆ ಕಲ್ಚರ್ ಎಂದು ಹೇಳಿ ಔಷಧ ತಡಮಾಡಿದರೆ ಪ್ರಾಣಕ್ಕೆ ಅಪಾಯವಲ್ಲವೇ? ತಡಮಾಡಿದರೆ ಖಂಡಿತ ಅಪಾಯ. ಆದರೆ ಕಲ್ಚರಿನ ಫಲಿತಾಂಶಕ್ಕೆ ಕಾಯಬೇಕೆಂದು ಯಾರೂ ಹೇಳುತ್ತಿಲ್ಲ. ಎರಡು ಬೇರೆ ಬೇರೆ ಕಡೆಯಿಂದ, ಬಾಟಲಿಗೆ 8ರಿಂದ 10 ಮಿ.ಲೀ.ನಂತೆ ರಕ್ತ ತೆಗೆಯಲು ಬೇಕಾಗುವುದು ಕೆಲವೇ ನಿಮಿಷ. ಅದಾದ ಕೂಡಲೇ ಔಷಧ ಕೊಡಬಹುದು, ಕೊಡಲೇಬೇಕು. ಎರಡನೆಯ ಆಕ್ಷೇಪ: ತಾಲ್ಲೂಕಿನ ದವಾಖಾನೆಯಲ್ಲಿ ಕಲ್ಚರ್ ಮಾಡುವ ಪ್ರಯೋಗಾಲಯವೇ ಇಲ್ಲದಿರುವಾಗ ಬಾಟಲಿ ಯಾಕೆ? ಪ್ರಯೋಗಾಲಯ ಊರಲ್ಲಿ ಇರಬೇಕಿಲ್ಲ, ಬಾಟಲಿ ಊರಲ್ಲಿದ್ದರೆ ಸಾಕು. ರಕ್ತ ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿಡದೆ, ಕೋಣೆಯ ಬಿಸಿಯಲ್ಲೇ ಅದೇ ದಿನ ಕಲಬುರಗಿಗೆ ತಲುಪಿಸಬಹುದು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಲ್ಲವೂ ರೈಲು ಇರುವ ಊರುಗಳು. ರೈಲಿಲ್ಲದ ಚಿಂಚೋಳಿಯಿಂದ ಕಲಬುರಗಿ 80 ಕಿ.ಮೀ. ಮೀರುತ್ತದೆ, ಆದರೂ ಬಸ್ಸು ಓಡಾಡುತ್ತದೆ. ಕಳಿಸುವ ಚೀಟಿಯಲ್ಲಿ ‘ರೋಗಿಗೆ ಕುರಿ, ದನಗಳ ಒಡನಾಟವಿದೆ’ ಎಂದು ಒಂದು ಸಾಲು ಬರೆದರೆ ಎರಡು ಉಪಯೋಗ: ನಿಧಾನವಾಗಿ ಬೆಳೆಯುವ ಬ್ರುಸೆಲ್ಲಾಕ್ಕಾಗಿ ಪ್ರಯೋಗಾಲಯದವರು ಬಾಟಲಿಯನ್ನು ಹೆಚ್ಚು ದಿನ ಕಾಯ್ದಿಡುತ್ತಾರೆ, ಮತ್ತು ಅದು ಗಾಳಿಯ ಮೂಲಕ ತಮಗೇ ಹತ್ತದಂತೆ ಎಚ್ಚರ ವಹಿಸುತ್ತಾರೆ. ಮೂರನೆಯದು ಹಣದ ಮತ್ತು ಅಪರೂಪದ ಪ್ರಶ್ನೆ: ಯುರೋಪಿನಲ್ಲಿ ಮಹಾಧಮನಿಯ ಉಬ್ಬುಗಳಲ್ಲಿ ನೂರಕ್ಕೆ ಒಂದೆರಡಷ್ಟೇ ಸೋಂಕಿನವು, ಇಂಥ ಅಪರೂಪಕ್ಕಾಗಿ ಬಡ ತಾಲ್ಲೂಕು ವೆಚ್ಚ ಮಾಡಬೇಕೇ? ಈ ರೋಗವೊಂದಕ್ಕಾಗಿ ಬಾಟಲಿ ತರಿಸುವುದಾದರೆ ಆಕ್ಷೇಪ ಗೆಲ್ಲುತ್ತದೆ. ಆದರೆ ಅದೇ ಬಾಟಲಿ ನಿಜವಾದ ಟೈಫಾಯ್ಡನ್ನು, ಬ್ರುಸೆಲ್ಲಾವನ್ನು, ಹೃದಯ ಕವಾಟದ ಸೋಂಕನ್ನು, ಬಾಣಂತಿಯ ರಕ್ತದ ನಂಜನ್ನು ಕೂಡ ಹಿಡಿಯುತ್ತದೆ. ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದೂ ಹೇಳುತ್ತದೆ. ಭಾರತದ ಟೈಫಾಯ್ಡ್ ರೋಗಾಣುಗಳಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಾಸಿನ್‌ಗೆ ಸರಿಯಾಗಿ ಬಗ್ಗುತ್ತಿಲ್ಲ ಎಂಬುದು ತಿಳಿದದ್ದೇ ಕಲ್ಚರುಗಳಿಂದ. ಪ್ರಸಂಗವಶಾತ್ ಇನ್ನೊಂದು ಮಾತು: ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಗುಂಪಿನ ಔಷಧಗಳು ಮಹಾಧಮನಿ ಉಬ್ಬುವ ಮತ್ತು ಸೀಳುವ ಅಪಾಯವನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿತು. ವಯಸ್ಸಾದವರ ಪ್ರತಿ ಜ್ವರಕ್ಕೂ ಈ ಗುಳಿಗೆ ಕೊಡುವ ರೂಢಿಯನ್ನು ಬಿಡಲು ಅದೂ ಒಂದು ಕಾರಣ.

ಕಲ್ಚರ್ ಎಲ್ಲರಲ್ಲೂ ಉತ್ತರ ಕೊಡುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಧಮನಿಗೆ ಸೋಂಕು ಹತ್ತಿದವರಲ್ಲೂ ನಾಲ್ಕರಲ್ಲಿ ಒಬ್ಬರಿಗಾದರೂ ರಕ್ತದಲ್ಲಿ ಏನೂ ಬೆಳೆಯುವುದಿಲ್ಲ. ಆದ್ದರಿಂದ ಚಿತ್ರ ತೆಗೆಯುವ ಪರೀಕ್ಷೆ ಜೊತೆಗೇ ನಡೆಯಬೇಕು. ಜ್ವರ, ಬೆನ್ನು ಅಥವಾ ಹೊಟ್ಟೆನೋವು, ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆ, ಈ ಮೂರೂ ಒಟ್ಟಿಗೆ ಸಿಗುವವರು ಕಡಿಮೆ. ಮೂರಕ್ಕೂ ಕಾಯುವವರಿಗೆ ರೋಗ ತಡವಾಗಿಯೇ ಸಿಗುತ್ತದೆ. ಹಾಗಾದರೆ ಯಾರನ್ನು ಸಿ.ಟಿ. ಸ್ಕ್ಯಾನಿಗೆ ಕಳಿಸಬೇಕು? ನನ್ನ ದೃಷ್ಟಿಯಲ್ಲಿ ಇಬ್ಬರನ್ನು ತಪ್ಪದೆ. ಐವತ್ತು ದಾಟಿದವರ ರಕ್ತದಲ್ಲಿ ಸಾಲ್ಮೊನೆಲ್ಲಾ ಬೆಳೆದಿದ್ದರೆ ಅವರನ್ನು, ನೋವು ಇರಲಿ ಬಿಡಲಿ. ಅಂಥವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ರಕ್ತನಾಳದ ಅಥವಾ ಹೃದಯದ ಸೋಂಕು ಇರುತ್ತದೆಂದು ಹಳೆಯ ಅಧ್ಯಯನಗಳು ಹೇಳಿದ್ದವು. ಈಚಿನ ಲೆಕ್ಕ ಹತ್ತರಲ್ಲಿ ಒಬ್ಬರ ಸುಮಾರಿಗೆ ಇಳಿದಿದೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಸ್ಕ್ಯಾನ್ ತಪ್ಪಿಸುವಷ್ಟು ಸಣ್ಣದಲ್ಲ ಅದು. ಎರಡನೆಯವರು, ಸರಿಯಾದ ಆಂಟಿಬಯಾಟಿಕ್ ಪೂರ್ತಿ ಕೊಟ್ಟ ಮೇಲೂ ಜ್ವರ ಮರಳಿ, ಜೊತೆಗೆ ಬೆನ್ನೋ ಹೊಟ್ಟೆಯೋ ನೋಯುತ್ತಿರುವವರು. ಸಾಮಾನ್ಯ ಸೊನೋಗ್ರಫಿ ಉಬ್ಬನ್ನು ತೋರಿಸೀತು. ಆದರೆ ಹೊಟ್ಟೆಯಲ್ಲಿ ಗ್ಯಾಸ್ ತುಂಬಿದ್ದರೆ ಕಾಣದು, ಎದೆಯ ಭಾಗ ಅದಕ್ಕೆ ಎಟುಕದು. ಬಣ್ಣದ ಔಷಧ ಕೊಟ್ಟು ಮಾಡುವ ಸಿ.ಟಿ. ಆಂಜಿಯೋಗ್ರಫಿಯಲ್ಲಿ ಒಂದೇ ಮಗ್ಗುಲಿಗೆ ಚೀಲದಂತೆ ಚಾಚಿದ, ಅಂಚು ಅಂಕುಡೊಂಕಾದ ಉಬ್ಬು, ಸುತ್ತ ಮಸುಕಾದ ಊತ, ಕೆಲವೊಮ್ಮೆ ಗಾಳಿಯ ಗುಳ್ಳೆ ಕಾಣುತ್ತವೆ. ಕೆಲ ದಿನ ಬಿಟ್ಟು ಮತ್ತೆ ನೋಡಿದರೆ ಬೆಳೆದಿರುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ಬಣ್ಣದ ಔಷಧ ಕೊಡಲು ವೈದ್ಯರು ಹಿಂಜರಿಯುವುದು ಸಹಜ. ಎಂ.ಆರ್.ಐ. ಒಂದು ಪರ್ಯಾಯ, ಆದರೆ ಒಡೆಯುವ ಭಯವಿರುವ ಧಮನಿಯ ಮುಂದೆ ಮೂತ್ರಪಿಂಡದ ಆತಂಕವನ್ನು ಎರಡನೆಯದಾಗಿಯೇ ತೂಗಬೇಕು.

ವರದಿ ಕೈಗೆ ಬಂದ ಮೇಲೂ ಎರಡು ತಪ್ಪುಗಳಿಗೆ ಎಡೆಯಿದೆ. ಹೊಟ್ಟೆಯ ಭಾಗದ ಮಹಾಧಮನಿ ಸುಮಾರು 2 ಸೆಂ.ಮೀ. ಅಗಲ, 3 ಸೆಂ.ಮೀ. ಮುಟ್ಟಿದರೆ ಉಬ್ಬು ಎನ್ನುತ್ತಾರೆ, ಗಂಡಸರಲ್ಲಿ 5.5 ಸೆಂ.ಮೀ. ಆಗುವವರೆಗೆ ಕಾಯಬಹುದೆಂಬುದು ಸಾಮಾನ್ಯ ನಿಯಮ. ಈ ನಿಯಮ ಸೋಂಕಿಲ್ಲದ ಉಬ್ಬಿಗೆ. ಸೋಂಕಿನ ಉಬ್ಬು 3 ಸೆಂ.ಮೀ. ಇದ್ದಾಗಲೂ ಒಡೆಯಬಲ್ಲದು, ‘ಸಣ್ಣದು, ಆರು ತಿಂಗಳು ಬಿಟ್ಟು ಬನ್ನಿ’ ಎಂದು ಜ್ವರವಿರುವ ರೋಗಿಗೆ ಹೇಳುವುದೆಂದರೆ ಆತನನ್ನು ಸಾವಿನ ಬಾಯಿಗೆ ಬಿಟ್ಟಂತೆ. ಇನ್ನೊಂದು ತಪ್ಪು, ಧಮನಿಯ ಗೋಡೆ ದಪ್ಪಗಾಗಿದೆ ಎಂದು ಕಂಡ ಕೂಡಲೇ ಅದು ಸೋಂಕಿಲ್ಲದೆಯೇ ಧಮನಿಯ ಗೋಡೆ ಊದುವ ಟಕಾಯಾಸು ರೋಗ ಎಂದು ತೀರ್ಮಾನಿಸಿ ಸ್ಟೀರಾಯ್ಡ್ ಶುರುಮಾಡುವುದು. ಭಾರತದಲ್ಲಿ ಟಕಾಯಾಸು ಪರಿಚಿತ ರೋಗ, ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ. ಅಲ್ಲಿ ಸ್ಟೀರಾಯ್ಡ್ ಮದ್ದು. ಸೋಂಕಿನಲ್ಲಿ ಅದೇ ವಿಷ. ಅರವತ್ತರ ಗಂಡಸಿನ ಹೊಟ್ಟೆಯ ಧಮನಿಯಲ್ಲಿ ಒಂದೇ ಕಡೆ ಊತ ಕಂಡರೆ, ಕಲ್ಚರ್ ಬರುವವರೆಗೆ ಸ್ಟೀರಾಯ್ಡ್ ಮುಟ್ಟಬಾರದು.

ಚಿಕಿತ್ಸೆಯ ಮಾತಿಗೆ ಬಂದರೆ, ಬರೀ ಔಷಧದಿಂದ ವಾಸಿಯಾದೀತೆಂಬ ಆಸೆಯನ್ನು ಹೆಚ್ಚಿನ ರೋಗಿಗಳ ವಿಷಯದಲ್ಲಿ ಬಿಡಬೇಕು. ಆಂಟಿಬಯಾಟಿಕ್ ರಕ್ತವನ್ನು ಶುದ್ಧಮಾಡೀತು; ಕರಗಿಹೋದ ಗೋಡೆಯನ್ನು ಮತ್ತೆ ಕಟ್ಟಲಾರದು. ದಶಕಗಳ ಕಾಲ ಒಪ್ಪಿತವಾಗಿದ್ದ ದಾರಿ ಹೊಟ್ಟೆ ತೆರೆದು, ಕೊಳೆತ ಭಾಗವನ್ನೆಲ್ಲ ಕತ್ತರಿಸಿ ತೆಗೆದು, ಅದೇ ಜಾಗದಲ್ಲಿ ಔಷಧದಲ್ಲಿ ನೆನೆಸಿದ ಕೃತಕ ನಳಿಕೆಯನ್ನೋ, ರೋಗಿಯ ತೊಡೆಯ ಆಳದ ಅಭಿಧಮನಿಯನ್ನೋ, ದಾನಿಯ ಧಮನಿಯನ್ನೋ ಕೂರಿಸುವುದು. ಇಲ್ಲವೇ ಸೋಂಕಿನ ಜಾಗವನ್ನು ಪೂರ್ತಿ ಬಿಟ್ಟು, ಕಂಕುಳಿನ ಧಮನಿಯಿಂದ ಕಾಲುಗಳಿಗೆ ಚರ್ಮದ ಕೆಳಗೆ ಹೊಸ ದಾರಿ ಹಾಕುವುದು. 1951ರಲ್ಲಿ ಪ್ಯಾರಿಸ್‌ನಲ್ಲಿ ಶಾರ್ಲ್ ದ್ಯುಬೋ ಮಹಾಧಮನಿಯ ಉಬ್ಬನ್ನು ಕತ್ತರಿಸಿ ದಾನಿಯ ಧಮನಿ ಜೋಡಿಸಿದ ಮೇಲೆ ಬೆಳೆದ ವಿದ್ಯೆ ಇದು. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ತೊಡೆಯ ಸಂದಿನ ಧಮನಿಯಿಂದ ಸ್ಟೆಂಟ್ ಕೂಡಿದ ನಳಿಕೆಯನ್ನು ತೂರಿಸಿ ಒಳಗಿನಿಂದಲೇ ಉಬ್ಬನ್ನು ಮುಚ್ಚಿ ತೋರಿಸಿದರು. ಸೋಂಕಿನ ಜಾಗದಲ್ಲಿ ಇದನ್ನು ಬಳಸುವುದಕ್ಕೆ ಶಸ್ತ್ರವೈದ್ಯರ ಆಕ್ಷೇಪ ತೀವ್ರವಾಗಿತ್ತು, ಅದರಲ್ಲಿ ತರ್ಕವೂ ಇತ್ತು: ಕೀವಿನ ನಡುವೆ ಲೋಹ, ಬಟ್ಟೆ ಇಟ್ಟು ಬಂದರೆ ಸೋಂಕು ಹೋಗುವುದೆಂತು? ಸ್ವೀಡನ್ನಿನ ವೈದ್ಯರು 2014 ಮತ್ತು 2016ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಈ ವಾದವನ್ನು ಮರುಪರಿಶೀಲಿಸುವಂತೆ ಮಾಡಿದವು. ಮೊದಲನೆಯದರಲ್ಲಿ ಯುರೋಪಿನ 16 ಕೇಂದ್ರಗಳ, ಸ್ಟೆಂಟ್ ಚಿಕಿತ್ಸೆ ಪಡೆದ 123 ರೋಗಿಗಳಿದ್ದರು. ನೂರಕ್ಕೆ 91 ಮಂದಿ ಒಂದು ತಿಂಗಳು, 75 ಮಂದಿ ಒಂದು ವರ್ಷ, 55 ಮಂದಿ ಐದು ವರ್ಷ ಬದುಕಿದರು. ಸೋಂಕು ಮತ್ತೆ ಕಾಡಿದ್ದು ನೂರಕ್ಕೆ 27 ಮಂದಿಗೆ. ಎರಡನೆಯದು ಸ್ವೀಡನ್ ದೇಶವೊಂದರ 132 ರೋಗಿಗಳದು: ಮೂರು ತಿಂಗಳಲ್ಲಿ ಬದುಕಿದ್ದವರು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 96, ತೆರೆದ ಶಸ್ತ್ರಚಿಕಿತ್ಸೆಯಾದವರಲ್ಲಿ 74. ಐದು ವರ್ಷದ ಹೊತ್ತಿಗೆ ಎರಡೂ ಗುಂಪು ಹತ್ತಿರ ಹತ್ತಿರ 60ಕ್ಕೆ ಬಂದು ನಿಂತವು.

ಈ ಅಂಕಿಗಳನ್ನು ಎಷ್ಟು ನಂಬಬೇಕು? ಚೀಟಿ ಎತ್ತಿ ರೋಗಿಗಳನ್ನು ಹಂಚಿದ ಪ್ರಯೋಗ ಇದಲ್ಲ. ತೀರ ಹದಗೆಟ್ಟವರು, ಕರುಳಿಗೆ ತೂತು ಬಿದ್ದವರು ತೆರೆದ ಶಸ್ತ್ರಚಿಕಿತ್ಸೆಗೆ ಹೆಚ್ಚಾಗಿ ಹೋಗಿರಬಹುದು. ಸ್ವೀಡನ್ನಿನ ರೋಗಿ ಬೇಗ ಪತ್ತೆಯಾಗಿ ಬರುತ್ತಾನೆ ಎಂಬುದನ್ನೂ ಮರೆಯಬಾರದು. ಆದರೂ ನಮಗೆ ಬೇಕಾದ ಒಂದು ಸಂಗತಿ ಇವುಗಳಲ್ಲಿ ಗಟ್ಟಿಯಾಗಿದೆ. ಸೋಂಕು ಮತ್ತು ಮುಪ್ಪಿನಿಂದ ಬಸವಳಿದ ದೇಹಕ್ಕೆ ಮೊದಲ ಮೂರು ತಿಂಗಳು ದಾಟುವುದೇ ದೊಡ್ಡದು, ಅದನ್ನು ದಾಟಿಸಲು ಸ್ಟೆಂಟ್ ನೆರವಾಗುತ್ತದೆ. ಆಮೇಲೆ ಸೋಂಕು ಉಳಿದರೆ ತೆರೆದ ಶಸ್ತ್ರಚಿಕಿತ್ಸೆಗೆ ದೇಹದಲ್ಲಿ ತ್ರಾಣ ಉಳಿದಿರುತ್ತದೆ. ಕಲಬುರಗಿಯಂಥ ಕಡೆ ಇದಕ್ಕೆ ಇನ್ನೂ ಹೆಚ್ಚಿನ ಬೆಲೆ. 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಅಲ್ಲಿ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು, ಜಿಮ್ಸ್, ಇ.ಎಸ್.ಐ. ಮತ್ತು ಎಂ.ಆರ್. ವೈದ್ಯಕೀಯ ಕಾಲೇಜುಗಳು ಅದೇ ಊರಲ್ಲಿವೆ. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಕಟ್ಟಡ ಮತ್ತು ಯೋಜನೆ ಇಷ್ಟು ಹತ್ತಿರ ಬಂದಿರುವಾಗ, ಸೇಡಂನಿಂದ ನೇರವಾಗಿ ಹೈದರಾಬಾದಿನ ರೈಲು ಹತ್ತಿ, ಅಲ್ಲಿ ಮೊದಲಿನಿಂದ ಎಲ್ಲ ಪರೀಕ್ಷೆ ಮಾಡಿಸುವ ಪದ್ಧತಿಯಲ್ಲಿ ಹಣದ ಜೊತೆ ದಿನಗಳೂ ಹೋಗುತ್ತವೆ. ಎಲ್ಲಿಗೇ ಕಳಿಸಲಿ, ಜೊತೆಗೆ ಹೋಗಬೇಕಾದ ಕಾಗದದಲ್ಲಿ ಮೂರು ವಿವರ ಇರಬೇಕು: ಕಲ್ಚರ್ ಯಾವ ದಿನ ತೆಗೆದದ್ದು, ಅದಕ್ಕಿಂತ ಮುಂಚೆ ಯಾವ ಆಂಟಿಬಯಾಟಿಕ್ ಹೋಗಿತ್ತು, ಅದನ್ನು ಎಷ್ಟು ದಿನ ಕೊಟ್ಟಿದ್ದರು.

ಆಪರೇಷನ್ ಆಗಿ ಊರಿಗೆ ಬಂದ ಮೇಲಿನ ಕಾಲವನ್ನು ನಮ್ಮ ಚರ್ಚೆಗಳು ಬಿಟ್ಟೇಬಿಡುತ್ತವೆ. ರಕ್ತನಾಳದ ಮೂಲಕ ಕೊಡುವ ಆಂಟಿಬಯಾಟಿಕ್ ಕನಿಷ್ಠ ಆರು ವಾರ ಬೇಕು. ಆಮೇಲೆ ಗುಳಿಗೆಗಳು ಆರು ತಿಂಗಳು, ವರ್ಷ, ಸ್ಟೆಂಟ್ ಒಳಗಿರುವ ಕೆಲವರಿಗೆ ಜೀವಮಾನವಿಡೀ. ಆರು ವಾರ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮಲಗುವ ಶಕ್ತಿ ಕೂಲಿಯ ಮನೆಗಿಲ್ಲ. ಹಾಗಾಗಿ ಮೂರನೆಯ ವಾರಕ್ಕೆ ಡಿಸ್ಚಾರ್ಜ್ ಮಾಡಿಸಿಕೊಂಡು ಬಂದು, ಜ್ವರವಿಲ್ಲವೆಂದು ಔಷಧ ನಿಲ್ಲಿಸಿ, ಸೋಂಕು ಮರುಕಳಿಸುವ ದಾರಿ ತೆರೆಯುತ್ತದೆ. ಇದಕ್ಕೆ ಪರಿಹಾರ ತಾಲ್ಲೂಕಿನಲ್ಲೇ ಇದೆ. ಸೆಫ್ಟ್ರಿಯಾಕ್ಸೋನ್ ದಿನಕ್ಕೊಮ್ಮೆ ಕೊಟ್ಟರೆ ಸಾಕಾಗುವ ಔಷಧ. ರೋಗಾಣು ಅದಕ್ಕೆ ಬಗ್ಗುತ್ತದೆಂದು ಕಲ್ಚರ್ ಹೇಳಿದ್ದರೆ, ಉಳಿದ ವಾರಗಳ ಇಂಜೆಕ್ಷನ್ನನ್ನು ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಯಲ್ಲೋ ಊರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಕೊಡಬಹುದು. ವಾರಕ್ಕೊಮ್ಮೆ ರಕ್ತ ಪರೀಕ್ಷೆ ಅಲ್ಲೇ ಆಗಬಹುದು. ಒಂದು, ಮೂರು, ಆರನೆಯ ತಿಂಗಳ ಸಿ.ಟಿ.ಗೆ ಮಾತ್ರ ಕಲಬುರಗಿಗೆ ಹೋಗಬೇಕಾದೀತು. ಇದಕ್ಕೆ ಹೊಸ ಕಟ್ಟಡ ಬೇಡ. ಬೇಕಿರುವುದು ಕಳಿಸುವ ಆಸ್ಪತ್ರೆ ಬರೆದುಕೊಟ್ಟ ಔಷಧದ ಹೆಸರು, ಪ್ರಮಾಣ, ಮುಗಿಯುವ ತಾರೀಖು, ಮತ್ತು ಆ ತಾರೀಖಿನವರೆಗೆ ಔಷಧ ದಾಸ್ತಾನು ಇರುವಂತೆ ನೋಡಿಕೊಳ್ಳುವ ತಾಲ್ಲೂಕು ಆರೋಗ್ಯಾಧಿಕಾರಿಯ ಹೊಣೆ.